ಜೆರಾಕ್ಸ್ ಗಾಜಿನ ಮೇಲೆ ಮೈಸೂರು

ಮೊನ್ನೆ ಒಬ್ಬ ಬಂದ, ಮೂವತ್ತರ ಆಸುಪಾಸು ಇರ್ಬೋದು, ಪಕ್ಕದಲ್ಲಿ ಹೆಂಡ್ತಿ, ಹೆಗಲ ಮೇಲೆ ಮಗು, ಅಂಗಡಿ ಬೋರ್ಡನ್ನ ಎರಡು ಸಲ ಓದಿ ಆಮೇಲೆ ನನ್ನ ಮುಖ ನೋಡಿ "ಅಣ್ಣಾ, ನೀವು ಇನ್ನೂ ಇಲ್ಲೇ ಇದೀರಾ?" ಅಂದ. ಈ ಪ್ರಶ್ನೆ ನಂಗೆ ತಿಂಗಳಿಗೆ ಎರಡು ಸಲನಾದ್ರೂ ಬೀಳುತ್ತೆ. ಅದ್ರಲ್ಲಿ ಪ್ರೀತಿನೂ ಇರುತ್ತೆ, ಒಂಚೂರು ಅಯ್ಯೋ ಪಾಪನೂ ಇರುತ್ತೆ. ಇಲ್ದೆ ಇನ್ನೆಲ್ಲಿಗೆ ಹೋಗ್ಲಪ್ಪ, ಮೆಷಿನ್ ಇಲ್ಲೇ ಇದೆ ಅಂದೆ.

ಅವನು ಡಿಗ್ರಿ ಮುಗಿಸಿದ್ದು 2014ರಲ್ಲಂತೆ. ಆಗ ಯಾವ್ದೋ ಅಪ್ಲಿಕೇಶನ್‌ಗೆ ಅಂತ ಪಿಯುಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡಿಸ್ಕೊಂಡು ಒರಿಜಿನಲ್‌ನ ಗಾಜಿನ ಮೇಲೇ ಬಿಟ್ಟು ಹೋಗಿದ್ದ. ಮರೆತು ಹೋದವರ ಒರಿಜಿನಲ್ ಹಾಕೋಕೆ ನನ್ನತ್ರ ಒಂದು ಬಿಸ್ಕೆಟ್ ಡಬ್ಬ ಇದೆ, ತುಕ್ಕು ಹಿಡಿದಿದೆ, ಅದ್ರಲ್ಲಿ ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು, ರೇಷನ್ ಕಾರ್ಡು, ಒಂದು ಮದುವೆ ಲಗ್ನಪತ್ರಿಕೆ (ಅದನ್ಯಾಕೆ ಜೆರಾಕ್ಸ್ ಮಾಡಿಸಿದ್ರೋ), ಎಲ್ಲ ಇದೆ. ಹುಡುಕಿದೆ, ಸಿಕ್ತು. "ಡೂಪ್ಲಿಕೇಟ್ ತಗೊಂಡ್ಬಿಟ್ಟೆ ಅಣ್ಣ, ಸುಮ್ನೆ ಈ ಕಡೆ ಬಂದೆ ಕೇಳೋಣ ಅಂತ" ಅಂತಿದ್ದ, ಅಷ್ಟರಲ್ಲಿ ಹೆಂಡ್ತಿ ಕೈಗೆ ತಗೊಂಡು ಓದಿ ಫಿಸಿಕ್ಸಲ್ಲಿ ಮೂವತ್ತಾರಾ ಅಂದ್ರು. ಮದುವೆ ಮಾತುಕತೆ ಟೈಮಲ್ಲಿ ಏನೋ ಬೇರೆನೇ ಹೇಳಿದ್ದ ಅನ್ಸುತ್ತೆ ಪುಣ್ಯಾತ್ಮ. ನಾನು ಬೇಕಂತಲೇ ಪೇಪರ್ ಟ್ರೇ ಎಳೆದು ಹಾಳೆ ತುಂಬ್ತಾ ನಿಂತೆ.

ನಂದು ಕೆ.ಆರ್. ಪೇಟೆ ಕಡೆ. ಮೈಸೂರಿಗೆ ಬಂದಿದ್ದು 2007ರಲ್ಲಿ, ಮಾನಸಗಂಗೋತ್ರಿಲಿ ಕನ್ನಡ ಎಂ.ಎ. ಮಾಡೋಕೆ. ಪಡುವಾರಹಳ್ಳಿಲಿ ರೂಮು. ಕಾಗದದಲ್ಲಿ ಅದಕ್ಕೆ ವಿನಾಯಕನಗರ ಅಂತಾರೆ, ಆದ್ರೆ ಆಟೋದವನಿಗೆ ವಿನಾಯಕನಗರ ಅಂದ್ರೆ ಒಂದ್ ಸಲ ತಿರುಗಿ ನೋಡ್ತಾನೆ, ಪಡುವಾರಹಳ್ಳಿ ಅಂದ್ರೆ ಮೀಟರ್ ಹಾಕ್ದೆ ರೇಟ್ ಹೇಳ್ತಾನೆ. ಇಬ್ರಿಗೆ ಸೇರಿ ತಿಂಗಳಿಗೆ ಒಂಬೈನೂರು ಬಾಡಿಗೆ, ಶೀಟಿನ ಮನೆ, ಬೇಸಿಗೇಲಿ ಒಳಗಡೆ ಇಡ್ಲಿ ಬೇಯುತ್ತೆ. ಖರ್ಚಿಗೆ ಇರಲಿ ಅಂತ ಸಂಜೆ ಹೊತ್ತು ಒಂದು ಡಿಟಿಪಿ ಅಂಗಡಿಲಿ ಟೈಪಿಂಗ್‌ಗೆ ಕೂತೆ, ಪುಟಕ್ಕೆ ಇಷ್ಟು ಅಂತ. ಎಂ.ಎ. ಮುಗೀತು, ಲೆಕ್ಚರರ್ ಆಗೋಕೆ ಬೇಕಾದ ನೆಟ್ ಪರೀಕ್ಷೆ ಎರಡು ಸಲ ಬರೆದೆ, ಆಗ್ಲಿಲ್ಲ, ಟೈಪಿಂಗ್ ಮಾತ್ರ ನಿಲ್ಲಲಿಲ್ಲ. ಆಮೇಲೆ ಆ ಅಂಗಡಿ ಯಜಮಾನ್ರು ಊರಿಗೆ ವಾಪಸ್ ಹೋಗ್ತೀನಿ ನೀನೇ ನೋಡ್ಕೋ ಅಂದ್ರು, ಸಾಲ ಸೋಲ ಮಾಡಿ ತಗೊಂಡೆ. ನನ್ ಜೊತೆ ಓದಿದೋರು ಮೇಷ್ಟ್ರಾದ್ರು, ಪಿಡಿಒ ಆದ್ರು, ಒಬ್ಬ ಟಿವಿ ಚಾನೆಲ್ ಸೇರಿದ, ಸುಮಾರು ಜನ ಬೆಂಗಳೂರಿಗೆ ಹೋದ್ರು. ನಾನು ಜೆರಾಕ್ಸ್ ಅಣ್ಣ ಆದೆ.

ಈ ಊರಲ್ಲಿ ವರ್ಷ ಯುಗಾದಿಗೂ ಶುರುವಾಗಲ್ಲ, ಜನವರಿಗೂ ಶುರುವಾಗಲ್ಲ. ಒಂದಿನ ಬೆಳಿಗ್ಗೆ ಅಂಗಡಿ ಮುಂದೆ ಅಪ್ಪ-ಮಗಳು, ಅಮ್ಮ-ಮಗ ಅಂತ ಜೋಡಿ ಜೋಡಿಯಾಗಿ ಜನ ನಿಲ್ತಾರಲ್ಲ, ಪ್ಲಾಸ್ಟಿಕ್ ಕವರಲ್ಲಿ ಫೈಲು, ಫೈಲೊಳಗೆ ಇನ್ನೊಂದು ಕವರು, ಅದರೊಳಗೆ ಟಿಸಿ, ಅವತ್ತು ಶುರು. ಅಪ್ಪಂದಿರಿಗೆ ಎಲ್ಲದಕ್ಕೂ ಐದೈದು ಕಾಪಿ ಬೇಕು, "ಇರಲಿ ಬುಡಿ ಸಾ, ಆಮ್ಯಾಕೆ ಎಲ್ಲಿ ಓಡಾಡದು" ಅಂತಾರೆ, ಮಕ್ಕಳು ಎರಡು ಸಾಕು ಅಂತ ಕಣ್ಣಲ್ಲೇ ಬೈತಿರ್ತಾರೆ. ನಾನು ಮೂರು ಮಾಡ್ಕೊಡ್ತೀನಿ. ಹದಿನೈದು ದಿನ ಕಳೆದ್ರೆ ಅದೇ ಹುಡ್ಗಿ ಒಬ್ಳೇ ಬರ್ತಾಳೆ, ಬ್ಯಾಗ್ ಚೇಂಜ್ ಆಗಿರುತ್ತೆ. ಆಮೇಲೆ ಸ್ಕಾಲರ್‌ಶಿಪ್ ಕಾಲ. ಆನ್‌ಲೈನ್ ಅಂತಾರೆ, ಆದ್ರೆ ಆನ್‌ಲೈನ್ ಆದಷ್ಟೂ ನಂಗೆ ಪೇಪರ್ ಜಾಸ್ತಿ ಖರ್ಚಾಗುತ್ತೆ, ಹೆಂಗೆ ಅಂತ ನಂಗೂ ಅರ್ಥ ಆಗಿಲ್ಲ. ಫಾರಂ ತುಂಬಿದ್ದಕ್ಕೆ ಒಂದು ಪ್ರಿಂಟು, ಅದನ್ನ ಕಾಲೇಜಿಗೆ ಕೊಡೋಕೆ ಒಂದು, ತನಗೊಂದು, ಕೊನೇ ದಿನ ಸರ್ವರ್ ಕೂತ್ಬಿಡುತ್ತೆ, ರಾತ್ರಿ ಹನ್ನೊಂದರ ತನಕ ಅಂಗಡಿಲಿ ಎಂಟು ಹತ್ತು ಮಕ್ಕಳು ನೆಲದ ಮೇಲೆ ಕೂತು ಆ ಉರುಳೋ ಚಕ್ರನೇ ನೋಡ್ತಿರ್ತಾರೆ, ಅಷ್ಟೊತ್ತಿಗೆ ಎದುರುಗಡೆ ತಳ್ಳುಗಾಡಿಯೋನು ಉಳಿದ ಎಗ್‌ರೈಸ್ ತಂದ್ಕೊಟ್ಟು ಹೋಗ್ತಾನೆ.

ಡಿಗ್ರಿದು 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಸಿಲಬಸ್ ಪೂರ್ತಿ ಬದಲಾಯ್ತು, ನಾಲ್ಕು ವರ್ಷದ ಡಿಗ್ರಿ ಅಂದ್ರು. ನಾನು ಒಂದು ಕಬ್ಬಿಣದ ರ‍್ಯಾಕ್ ತುಂಬ ಇದ್ದ ಹಳೇ ನೋಟ್ಸ್ ಮಾಸ್ಟರ್ ಕಾಪಿಗಳನ್ನ ರದ್ದಿಗೆ ಹಾಕಿ, ಹೊಸ ನೋಟ್ಸ್ ಕಲೆಕ್ಟ್ ಮಾಡಿ, ಸೆಮಿಸ್ಟರ್ ವಾರು ಜೋಡಿಸಿ ಉಸ್ಸಪ್ಪಾ ಅನ್ನೋಷ್ಟರಲ್ಲಿ 2024ಕ್ಕೆ ರಾಜ್ಯದಲ್ಲಿ ವಾಪಸ್ ಮೂರು ವರ್ಷದ ಡಿಗ್ರಿ ಆಯ್ತು. ನೀತಿ ಬಗ್ಗೆ ಟಿವಿಲಿ ಎರಡೂ ಕಡೆಯವರು ಕೂಗಾಡಿದ್ರು, ನನ್ನ ರ‍್ಯಾಕ್ ಬಗ್ಗೆ ಯಾರೂ ಮಾತಾಡ್ಲಿಲ್ಲ.

ಪರೀಕ್ಷೆ ಕಾಲ ಬಂದ್ರೆ "ಅಣ್ಣ, ಮೈಕ್ರೋ ಮಾಡ್ಕೊಡ್ತೀರಾ" ಅಂತ ಮೆತ್ತಗೆ ಬರ್ತಾರೆ. ನಾಲ್ಕು ಪುಟನ ಬೆಂಕಿಪೊಟ್ಟಣದಷ್ಟಕ್ಕೆ ಇಳಿಸೋದು, ಯಾಕೆ ಅಂತ ಅವರಿಗೂ ಗೊತ್ತು ನಂಗೂ ಗೊತ್ತು. ಮೆಷಿನ್‌ಗೆ ಆಗಲ್ಲ ಅಂತೀನಿ. ಆಗುತ್ತೆ. ಎಸ್ಸೆಸ್ಸೆಲ್ಸಿ ಪಿಯುಸಿ ಪರೀಕ್ಷೆ ಬಂದಾಗಂತೂ ಸೆಂಟರ್ ಸುತ್ತ 200 ಮೀಟರ್ ಒಳಗೆ ಜೆರಾಕ್ಸ್ ಅಂಗಡಿ ಮುಚ್ಚಬೇಕು ಅಂತ ಆರ್ಡರ್ ಬರುತ್ತೆ, ಅವತ್ತು ಬೆಳಿಗ್ಗೆ ನಾವೆಲ್ಲ ಜೆರಾಕ್ಸ್‌ನೋರು ಕಳ್ಳರ ಥರ ಟೀ ಅಂಗಡಿ ಮುಂದೆ ನಿಂತಿರ್ತೀವಿ. ಅಲ್ಲ ಸ್ವಾಮಿ, ಚೀಟಿ ಮಾಡೋನು ಹಿಂದಿನ ದಿನಾನೇ ಮಾಡ್ಕೊಂಡಿರಲ್ವಾ.

ನಂಗೆ ಈ ಕೆಲಸದಲ್ಲಿ ನಿಜವಾಗ್ಲೂ ಮಜಾ ಕೊಡೋದು ಮಾತು. ಮೈಸೂರಲ್ಲಿ ಹುಟ್ಟಿದೋರಿಗಿಂತ ಓದೋಕೆ ಬಂದೋರೇ ನನ್ನ ಗಿರಾಕಿಗಳು, ಹಂಗಾಗಿ ಕೌಂಟರ್ ಹಿಂದೆ ಕೂತೇ ಕರ್ನಾಟಕ ಪೂರ್ತಿ ಕೇಳ್ಬೋದು. ಕೊಳ್ಳೇಗಾಲದ ಕಡೆಯೋನು ದೂರದಿಂದಲೇ "ಅಣೋ" ಅಂತ ಕೂಗ್ತಾನೆ. ರಾಯಚೂರು ಕಡೆ ಹುಡುಗ "ಅಣ್ಣಾರ, ಇದನ್ನೊಂದೀಟು ಹೊಡದು ಕೊಡ್ರಿ" ಅಂತಾನೆ, ಮೊದಲನೇ ಸಲ ಕೇಳಿದಾಗ ಯಾರಿಗೆ ಹೊಡೀಬೇಕು ಅಂತ ಗಾಬರಿ ಆಗಿತ್ತು. ಮಂಗಳೂರು ಕಡೆಯವರು ಪುಸ್ತಕ ಓದಿದ ಹಾಗೆ ಮಾತಾಡ್ತಾರೆ. ಕೊಡಗಿನ ಹುಡ್ಗೀರು ಅವರವರಲ್ಲೇ ಕೊಡವ ತಕ್ಕ್ ಆಡ್ತಾ ಇದ್ದು ನನ್ನ ಕಡೆ ತಿರುಗಿದಾಗ ಮಾತ್ರ ಕನ್ನಡಕ್ಕೆ ಬರ್ತಾರೆ. ಬೈಲುಕುಪ್ಪೆಯಿಂದ ಬರೋ ಟಿಬೆಟನ್ ಹುಡುಗ ಒಬ್ಬ ನನಗಿಂತ ಚೆನ್ನಾಗಿ ಮೈಸೂರು ಕನ್ನಡ ಮಾತಾಡ್ತಾನೆ, "ಏನ್ ಗುರು, ಟೋನರ್ ಖಾಲಿನಾ" ಅಂತಾನೆ. ಮೂರು ವರ್ಷ ಕಳೆಯೋ ಹೊತ್ತಿಗೆ ಎಲ್ಲರೂ ಮಗಾ ಮಗಾ ಅನ್ನೋಕೆ ಶುರು ಮಾಡಿರ್ತಾರೆ, ಊರಿಗೆ ಫೋನ್ ಮಾಡಿದಾಗ ಮಾತ್ರ ವಾಪಸ್ ತಮ್ಮ ಭಾಷೆಗೆ ಹೋಗ್ತಾರೆ. ಅಂಗಡಿ ಮೆಟ್ಟಿಲ ಮೇಲೆ ನಿಂತು ಅಮ್ಮನ ಜೊತೆ ಮಾತಾಡ್ತಾ ಇರೋದು ಕೇಳಿದ್ರೆ ಬೇರೆ ಮನುಷ್ಯನೇ ಅನ್ಸುತ್ತೆ.

ವಿಶ್ವವಿದ್ಯಾಲಯ 1916ರದ್ದು, ನಾಲ್ವಡಿಯವರು ಮಾಡಿದ್ದು, ಸರ್ ಎಂ.ವಿ. ದಿವಾನರಾಗಿದ್ದಾಗ. ಮಾನಸಗಂಗೋತ್ರಿ ಅನ್ನೋ ಹೆಸರು ಕುವೆಂಪು ಅವರು ವೈಸ್ ಚಾನ್ಸಲರ್ ಆಗಿದ್ದಾಗ ಇಟ್ಟಿದ್ದು. ಇದೆಲ್ಲ ಎಲ್ರಿಗೂ ಗೊತ್ತು, ಜನರಲ್ ನಾಲೆಡ್ಜ್ ಬುಕ್ಕಲ್ಲಿ ಬರುತ್ತೆ. ಆದ್ರೆ ಒಂದು ಮಾತು, ಗಂಗೋತ್ರಿ ಅಂತ ಹೆಸರಿಟ್ಟಾಗ ಅವರಿಗೆ ಗೊತ್ತಿತ್ತೋ ಏನೋ, ಅದು ಹರಿದು ಹೋಗೋ ಜಾಗ, ನಿಲ್ಲೋ ಜಾಗ ಅಲ್ಲ. ಯುವರಾಜ, ಮಹಾರಾಜ, ಮಹಾರಾಣಿ ಕಾಲೇಜಿನೋರು, ಇಂಜಿನಿಯರಿಂಗ್‌ನೋರು, ಮೆಡಿಕಲ್‌ನೋರು, ಸ್ಪೀಚ್ ಅಂಡ್ ಹಿಯರಿಂಗ್‌ನೋರು, ಎಲ್ಲ ಸೇರಿ ಎಷ್ಟು ಜನ ಬರ್ತಾರೋ ಅಷ್ಟೇ ಜನ ಹೋಗ್ತಾರೆ. ನನ್ನ ಅಂಗಡಿ ಮುಂದಿನ ಹುಡುಗರಿಗೆ ಹತ್ತೊಂಬತ್ತು ವರ್ಷದಿಂದ ಇಪ್ಪತ್ತೊಂದೇ ವಯಸ್ಸು. ನಂಗೊಬ್ಬನಿಗೆ ಕೂದಲು ಬೆಳ್ಳಗಾಗ್ತಾ ಇದೆ. ಮೊದ್ಲು "ಗುರು" ಅಂತಿದ್ರು, ಆಮೇಲೆ "ಅಣ್ಣ" ಆಯ್ತು, ಹೋದ ಜೂನಲ್ಲಿ ಒಬ್ಳು "ಅಂಕಲ್" ಅಂದ್ಬಿಟ್ಳು. ಅವಳಿಗೆ ಬ್ಯಾಕ್ ಟು ಬ್ಯಾಕ್ ಬೇಕಿತ್ತು, ನಾನು ಸಿಂಗಲ್ ಸೈಡೇ ಮಾಡಿ ಕೊಟ್ಟೆ. ಬೇಕಂತ ಅಲ್ಲ.

ಮೈಸೂರು ಸಣ್ಣ ಊರೂ ಅಲ್ಲ, ದೊಡ್ಡದೂ ಅಲ್ಲ. 2011ರ ಜನಗಣತಿಲೇ ಒಂಬತ್ತು ಲಕ್ಷದ ಹತ್ತತ್ರ ಇತ್ತು. ಆದ್ರೂ ನಾನು ದೇವರಾಜ ಮಾರ್ಕೆಟ್‌ಗೆ ಹೋಗಿ ವೀಳ್ಯದೆಲೆ ತಗೊಂಡು ಬರೋ ಅಷ್ಟರಲ್ಲಿ ಮೂರು ಜನ ಪರಿಚಯದವರು ಸಿಕ್ತಾರೆ, ಅದ್ರಲ್ಲಿ ಒಬ್ರಿಗೆ ನಾನು ಏನೋ ಬೈಂಡಿಂಗ್ ಬಾಕಿ ಇಟ್ಟಿರ್ತೀನಿ. ಸಾಯಂಕಾಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋದ್ರೆ ಒಂದು ಕಡೆ ರಿಟೈರ್ಡ್ ಪ್ರೊಫೆಸರ್‌ಗಳು ಪೇ ಕಮಿಷನ್ ಬಗ್ಗೆ, ಇನ್ನೊಂದು ಕಡೆ ಕಾಂಪಿಟೇಟಿವ್ ಹುಡುಗರು ಎಫ್‌ಡಿಎ ಕೀ ಆನ್ಸರ್ ಬಗ್ಗೆ, ಬೆಂಚಿನ ಮೇಲೆ ಜೋಡಿಗಳು ಏನೂ ಮಾತಾಡ್ದೆ, ನೀರಲ್ಲಿ ಹೆಜ್ಜಾರ್ಲೆಗಳು. ಈ ಕಾಂಪಿಟೇಟಿವ್ ಹುಡುಗರದ್ದೇ ಒಂದು ಬೇರೆ ಲೋಕ. ಓದು ಮುಗಿದು ನಾಲ್ಕೈದು ವರ್ಷ ಆಗಿರುತ್ತೆ, ಊರಿಗೆ ಹೋದ್ರೆ ಏನ್ ಮಾಡ್ತಿದೀಯ ಅಂತ ಕೇಳ್ತಾರೆ ಅಂತ ರೂಮಲ್ಲೇ ಇರ್ತಾರೆ, ಹಬ್ಬಕ್ಕೂ ಹೋಗಲ್ಲ. ಅವರ ಪಾಲಿಗೆ ಮೈಸೂರು ಒಂದು ವೇಯ್ಟಿಂಗ್ ರೂಮ್. ನೋಟಿಫಿಕೇಶನ್ ಬಂತು ಅಂದ್ರೆ ಅಂಗಡಿಗೆ ಓಡಿ ಬರ್ತಾರೆ, ಕ್ಯಾನ್ಸಲ್ ಆಯ್ತು ಅಂದ್ರೂ ಬರ್ತಾರೆ, ಸುಮ್ನೆ ನಿಂತ್ಕೊಂಡು ಪೇಪರ್ ಓದಿ ಹೋಗ್ತಾರೆ. ಅವರಿಗೆ ನಾನು ಪುಟಕ್ಕೆ ಒಂದು ರೂಪಾಯಿ ಮೇಲೆ ತಗೊಳಲ್ಲ. ನಾನೂ ಎರಡು ವರ್ಷ ಅಲ್ಲೇ ಕೂತಿದ್ದೋನು.

ಬೆಂಗಳೂರಿನ ಹೊಸ ರೋಡು ಆದ್ಮೇಲೆ ಒಂಚೂರು ಲೆಕ್ಕ ತಪ್ಪಿದೆ. 2023ರ ಮಾರ್ಚಲ್ಲಿ ಅದು ಓಪನ್ ಆಯ್ತು, 118 ಕಿಲೋಮೀಟರ್, ಆವಾಗಿಂದ ಶನಿವಾರ ಬಂತು ಅಂದ್ರೆ ಮೈಲಾರಿ ದೋಸೆಗೆ ಕೆಎ 01, 03, 05 ನಂಬರ್ ಕಾರುಗಳ ಕ್ಯೂ, ನಮ್ಮೋರು ವೀಕೆಂಡಲ್ಲಿ ಆ ಕಡೆ ತಲೆ ಹಾಕಲ್ಲ. ಬೈಕ್ ಬಿಡಲ್ಲ ಆ ರೋಡಲ್ಲಿ, ಹಂಗಾಗಿ ಊರಿಗೆ ಹೋಗೋಕೆ ನಂಗೆ ಅದರಿಂದ ಅಂಥಾ ಉಪಯೋಗ ಏನಿಲ್ಲ. ಅದೇ ವರ್ಷ ಜೂನಲ್ಲಿ ಹೆಂಗಸರಿಗೆ ಬಸ್ ಫ್ರೀ ಆಯ್ತಲ್ಲ, ಅದು ಮಾತ್ರ ನನ್ನ ಅಂಗಡಿ ಟೈಮಿಂಗೇ ಬದಲಾಯಿಸ್ತು. ಟಿ. ನರಸೀಪುರ, ನಂಜನಗೂಡು, ಹುಣಸೂರು ಕಡೆ ಹುಡ್ಗೀರು ಪಿಜಿ ಬಿಟ್ಟು ದಿನಾ ಮನೆಯಿಂದಲೇ ಓಡಾಡೋಕೆ ಶುರು ಮಾಡಿದ್ರು. ಒಂಬತ್ತೂವರೆಗೆ ಬಸ್ ಇಳಿದು ಎಲ್ಲ ಒಟ್ಟಿಗೆ ಬರ್ತಾರೆ, ಹತ್ತಕ್ಕೆ ಕ್ಲಾಸು, ಆ ಅರ್ಧ ಗಂಟೆ ನಾನು ಟೀ ಕುಡಿಯೋಕಾಗಲ್ಲ. ಪಿಜಿ ನಡೆಸೋ ಆಂಟಿ ಒಬ್ರು ನನ್ನತ್ರ "ಲೇಡೀಸ್ ಪಿಜಿ" ಬೋರ್ಡ್ ಪ್ರಿಂಟ್ ಹಾಕಿಸ್ಕೊಂಡು ಹೋಗಿದ್ರು, ಆಮೇಲೆ ಬಂದು ಅದನ್ನೇ "ಜೆಂಟ್ಸ್ ಪಿಜಿ" ಮಾಡ್ಕೊಡಪ್ಪ ಅಂದ್ರು.

ದಸರಾ ಬಗ್ಗೆ ಎಲ್ರೂ ಬರೀತಾರೆ, ನಾನು ಜಾಸ್ತಿ ಬರೆಯಲ್ಲ. ಕಾಲೇಜಿಗೆಲ್ಲ ರಜ, ಹುಡುಗರು ಊರಿಗೆ, ಊರಿನವರೆಲ್ಲ ಮೈಸೂರಿಗೆ. ಅಂಗಡಿಗೆ ವ್ಯಾಪಾರ ಇಲ್ಲ. ಯುವ ದಸರಾ ಮಹಾರಾಜ ಕಾಲೇಜು ಮೈದಾನದಲ್ಲಿ ನಡೀತಿದ್ದಾಗ ಸೌಂಡು ಇಲ್ಲೀತನಕ ಬರ್ತಿತ್ತು, 2024ರಲ್ಲಿ ಉತ್ತನಹಳ್ಳಿ ಕಡೆ ಹೋಯ್ತು, ಶಾಂತಿ ಅನ್ಕೊಂಡೆ, ಆದ್ರೆ ಅವತ್ತು ರಾತ್ರಿ ಏನೋ ಬಿಕೋ ಅಂತಿತ್ತು. ಜಂಬೂಸವಾರಿ ದಿನ ಬೆಂಗಳೂರಿನ ಹಳೇ ರೂಮ್‌ಮೇಟ್‌ಗಳು ಹೆಂಡ್ತಿ ಮಕ್ಕಳ ಸಮೇತ ನಮ್ಮನೆಗೆ ಬರ್ತಾರೆ, ಎಲ್ಲರೂ ಸೇರಿ ಟಿವಿಲಿ ನೋಡ್ತೀವಿ. ಅಂಬಾರಿ ನಾಲ್ಕು ಕಿಲೋಮೀಟರ್ ಆಚೆ ಹೋಗ್ತಿರುತ್ತೆ, ನಾವು ಸೋಫಾ ಮೇಲೆ ಕೈ ಮುಗೀತೀವಿ. ಅವರಿಗೆ ಅದೇ ಖುಷಿ. "ನೀನೇ ಪುಣ್ಯವಂತ ಕಣ್ಲಾ, ಟ್ರಾಫಿಕ್ ಇಲ್ಲ ಏನಿಲ್ಲ" ಅಂತ ಹೇಳಿ, ಸೈಟ್ ರೇಟ್ ಕೇಳಿ, ಬಾಯಿ ಮೇಲೆ ಕೈ ಇಟ್ಕೊಂಡು ವಾಪಸ್ ಹೋಗ್ತಾರೆ.

ಈಗ ಥೀಸಿಸ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಬರಹ ಶುರು ಮಾಡಿದ್ದೇ ಅದಕ್ಕೆ, ಎಲ್ಲೆಲ್ಲೋ ಹೋದೆ.

ಜೆರಾಕ್ಸಲ್ಲಿ ದುಡ್ಡಿಲ್ಲ. ಐವತ್ತು ಪೈಸೆ ಇದ್ದಾಗಲೂ ಇರ್ಲಿಲ್ಲ, ಈಗಲೂ ಇಲ್ಲ, ಅದ್ರಲ್ಲೂ ಲಾಕ್‌ಡೌನ್ ಆದ್ಮೇಲೆ ನೋಟ್ಸೆಲ್ಲ ಪಿಡಿಎಫ್ ಆಗಿ ವಾಟ್ಸಾಪಲ್ಲಿ ಓಡಾಡುತ್ತೆ. ಅಂಗಡಿ ನಡೀತಿರೋದು ಪಿಎಚ್‌ಡಿ ಮಾಡೋರಿಂದ. ಕನ್ನಡದ ಥೀಸಿಸ್ಸು ಅಂದ್ರೆ ಮುನ್ನೂರು ನಾನೂರು ಪುಟ, ಕೈಬರಹದಲ್ಲಿ ತರ್ತಾರೆ, ಕೆಲವರದ್ದು ಬರೆದೋರಿಗೇ ಓದೋಕಾಗಲ್ಲ. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ತೀನಿ, ಎಡಗಡೆ ಮಾರ್ಜಿನ್ ಒಂದೂವರೆ ಇಂಚು ಬಿಟ್ಟು, ಅಡಿಟಿಪ್ಪಣಿ ಹಾಕಿ. ಮೂರು ಪ್ರೂಫ್ ಅಂತ ಮಾತಾಗಿರುತ್ತೆ, ಒಂಬತ್ತು ಆಗುತ್ತೆ. ಗೈಡ್ ಒಂದು ಅಧ್ಯಾಯ ಮೇಲೆ ಹಾಕು ಅಂತಾರೆ, ಹದಿನೈದು ದಿನ ಬಿಟ್ಟು ಕೆಳಗೇ ಇರಲಿ ಅಂತಾರೆ. ಕೊನೆಗೆ ರೆಕ್ಸಿನ್ ಬೈಂಡಿಂಗ್, ಚಿನ್ನದ ಅಕ್ಷರ. ಒಂದ್ ಸಲ ಒಂದು ಕಾಲೇಜಿನ ರಿಸರ್ಚ್ ಸೆಂಟರ್‌ನಲ್ಲಿ ಬಣ್ಣ ಸರಿ ಇಲ್ಲ ಅಂತ ಐದು ಕಾಪಿನೂ ವಾಪಸ್ ಕಳಿಸಿದ್ರು. ಮರೂನ್ ಬೇಕಿತ್ತಂತೆ, ನಾವು ಹಾಕಿದ್ದೂ ಮರೂನೇ. ಆ ಹುಡುಗಿ ಕೌಂಟರ್ ಮೇಲೆ ತಲೆ ಇಟ್ಟು ಅತ್ತಳು. ಐದು ವರ್ಷದ ಕೆಲಸ, ಅಳು ಬಂದಿದ್ದು ರೆಕ್ಸಿನ್‌ಗೆ. ಬೈಂಡಿಂಗ್‌ನೋರ ಹತ್ರ ಹೋಗಿ ರಾತ್ರಿಯೆಲ್ಲ ಕೂತು ಬೇರೆ ಮಾಡಿಸ್ದೆ. ಆಮೇಲೆ ನೋಡಿದ್ರೆ ಎರಡೂ ಮರೂನ್ ಒಂದೇ ಥರ ಇತ್ತು, ಅವರು ತಗೊಂಡ್ರು.

ಥೀಸಿಸ್‌ಗಳನ್ನ ಆನ್‌ಲೈನಲ್ಲಿ ಇಡೋ ಶೋಧಗಂಗಾ ವೆಬ್‌ಸೈಟಿಗೆ ಹಾಕೋಕೆ ಸಾಫ್ಟ್ ಕಾಪಿ ಬೇಕು ಅಂತ ಬಂದಮೇಲೆ ಯೂನಿಕೋಡ್ ತಲೆನೋವು ಶುರುವಾಯ್ತು. ನುಡಿಯ ಹಳೇ ಫಾಂಟಿಂದ ಯೂನಿಕೋಡ್‌ಗೆ ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು ಇದೆಯಲ್ಲ, ಅದು ಇದ್ದ ಕಡೆ ಇರಲ್ಲ, ಒಂದಕ್ಷರ ಹಿಂದಕ್ಕೋ ಮುಂದಕ್ಕೋ ಹಾರಿರುತ್ತೆ, ಇಲ್ಲಾ ಮಾಯ ಆಗಿರುತ್ತೆ. ಕರ್ನಾಟಕ, ಧರ್ಮ, ವರ್ಗ, ಸಂಘರ್ಷ, ನಿರ್ಮಾಣ, ನಮ್ಮೋರ ಥೀಸಿಸ್ಸಲ್ಲಿ ಅರ್ಕಾವತ್ತು ಇಲ್ದೆ ಇರೋ ವಾಕ್ಯ ಹುಡುಕ್ಬೇಕು. ನಾನೂರು ಪುಟ ಕೂತು ಅದನ್ನೊಂದೊಂದೇ ಹಿಡಿದು ತಂದು ಕೂರಿಸ್ಬೇಕು, ಹೇನು ಹೆಕ್ಕೋ ಕೆಲಸ.

ಎಲ್ಲಕ್ಕಿಂತ ಕೊನೆಗೆ ಬರೋದು ಕೃತಜ್ಞತೆ ಪುಟ. ಅಧ್ಯಾಯಗಳನ್ನ ಅವಸರದಲ್ಲಿ ಬರೆದೋರೂ ಇದನ್ನ ಮಾತ್ರ ಮೂರು ಸಲ ತಿದ್ದುತ್ತಾರೆ. ಮೊದ್ಲು ಗೈಡು, ಅವರ ಮನೆಯವರು, ಆಮೇಲೆ ವಿಭಾಗದ ಮುಖ್ಯಸ್ಥರು, ಲೈಬ್ರರಿಯೋರು, ಹೊಲ ಮಾರಿ ಓದಿಸಿದ ಅಪ್ಪ, ಇಷ್ಟು ದಿನ ಸಹಿಸಿಕೊಂಡ ಬಾಳಸಂಗಾತಿ. ಕಟ್ಟಕಡೇ ಸಾಲಲ್ಲಿ "ಅಂದವಾಗಿ ಡಿ.ಟಿ.ಪಿ. ಮಾಡಿಕೊಟ್ಟ ಶ್ರೀಯುತ" ಅಂತ ನಾನು. ಆ ಸಾಲನ್ನ ಟೈಪ್ ಮಾಡೋನೂ ನಾನೇ. ಮೊದಮೊದ್ಲು ನಾಚಿಕೆ ಆಗ್ತಿತ್ತು, ಈಗ ಕೀಬೋರ್ಡ್ ತಾನೇ ಹೊಡ್ಕೊಳುತ್ತೆ. ಲೈಬ್ರರಿ ಥೀಸಿಸ್ ಸೆಕ್ಷನ್‌ಗೆ ಹೋಗಿ ಯಾವ್ದೋ ಒಂದನ್ನ ತೆಗೆದ್ರೆ ನಾನು ಇರ್ತೀನಿ, ಪೀಠಿಕೆಗಿಂತ ಹಿಂದಿನ ಪುಟದಲ್ಲಿ. ನೆಟ್ ಪಾಸಾಗಿದ್ರೆ ಒಂದೇ ಥೀಸಿಸ್ಸಲ್ಲಿ ಇರ್ತಿದ್ದೆ. ಹೆಂಡ್ತಿಗೆ ಹಿಂಗೆ ಹೇಳಿದ್ರೆ "ಸರಿ, ಗ್ಯಾಸ್ ಬುಕ್ ಮಾಡಿದ್ರಾ" ಅಂತಾಳೆ.

ಈ ವಾರ ಆರು ವರ್ಷದಿಂದ ಬರ್ತಿರೋ ಒಬ್ಬ ಹುಡುಗ, ಹುಡುಗ ಏನ್ ಬಂತು, ಮದುವೆ ಆಗಿದೆ, ಚಾಮರಾಜನಗರದ ಹತ್ರ ಹಳ್ಳಿಯೋನು, ಕೊನೇ ಅಧ್ಯಾಯ ತಂದುಕೊಟ್ಟ. "ಅಣ್ಣ, ಕೃತಜ್ಞತೆ ಬರೆದಿದೀನಿ, ನಿಮ್ದೊಂದು ಸಾಲು ಮಾತ್ರ ಮಾಮೂಲಿ ಥರ ನೀವೇ ಹಾಕ್ಬಿಡಿ" ಅಂದ. ಆಯ್ತು ಅಂದೆ. ಬಾಗಿಲ ತನಕ ಹೋದೋನು ವಾಪಸ್ ಬಂದ, ಒಂಥರಾ ಮುಖ ಮಾಡ್ಕೊಂಡು, "ಅಣ್ಣ, ಬೇಜಾರು ಮಾಡ್ಕೋಬೇಡಿ, ನಿಮ್ಮ ಹೆಸರೇನು?"

ಆರು ವರ್ಷ ಅವನಿಗೆ ನಾನು ಜೆರಾಕ್ಸ್ ಅಣ್ಣ. ಫೋನಲ್ಲೂ ಹಂಗೇ ಸೇವ್ ಮಾಡಿದಾನೆ, ತೋರಿಸ್ದ. ಇಬ್ರೂ ನಕ್ವಿ. ಹೆಸರು ಹೇಳ್ದೆ, ಇನಿಷಿಯಲ್ಲೂ ಹೇಳ್ದೆ. ರಾತ್ರಿ ಟೈಪ್ ಮಾಡಿ, ಕನ್ವರ್ಟ್ ಮಾಡಿ, ಐದು ಕಾಪಿ ಪ್ರಿಂಟ್ ಹೊಡೆದು ಬೈಂಡಿಂಗ್‌ಗೆ ಕೊಟ್ಟು ಬಂದೆ. ಬೆಳಿಗ್ಗೆ ಟೀ ಕುಡೀತಾ ಉಳಿದ ವೇಸ್ಟ್ ಪ್ರಿಂಟ್ ನೋಡ್ತೀನಿ, ನನ್ನ ಹೆಸರಲ್ಲೂ ಒಂದು ಅರ್ಕಾವತ್ತು ಇದೆ, ಅದು ಹಾರಿ ಹೋಗಿ ಪಕ್ಕದ ಇನಿಷಿಯಲ್ ಮೇಲೆ ಕೂತಿತ್ತು. ಬೈಂಡಿಂಗ್‌ನೋರಿಗೆ ಫೋನ್ ಮಾಡಿದ್ರೆ ಆಗ್ಲೇ ಚಿನ್ನದ ಅಕ್ಷರ ಹಾಕಿ ಆಯ್ತು, ಮರೂನ್ ಸೂಪರ್ ಬಂದಿದೆ ಅಂದ್ರು.